ಹೋರಿಯ ಜಾಗಕ್ಕೆ ಬಂದ ನೈಟ್ರೋಜನ್ ಕ್ಯಾನು

ಹಾಸನ ಜಿಲ್ಲೆಯ ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಪಶು ಆಸ್ಪತ್ರೆಗಳಲ್ಲಿ ಕಿರಿದಾದ ಕತ್ತು, ಉಬ್ಬಿದ ಹೊಟ್ಟೆಯ ಅಲ್ಯೂಮಿನಿಯಂ ಪಾತ್ರೆಯೊಂದು ಇರುತ್ತದೆ. ಸಿಬ್ಬಂದಿ ಅದನ್ನು ನೈಟ್ರೋಜನ್ ಕ್ಯಾನು ಎನ್ನುತ್ತಾರೆ. ಮುಚ್ಚಳ ತೆಗೆದರೆ ಬಿಳಿ ಆವಿ ಹೊರಚೆಲ್ಲಿ ನೆಲದತ್ತ ಇಳಿಯುತ್ತದೆ. ಒಳಗಿನ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ದೊಡ್ಡ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ರಕ್ತ, ವೈರಸ್ಸು, ಅಂಗಾಂಶಗಳ ಮಾದರಿಗಳನ್ನು ಇಡುವ ಅತಿಶೀತಲ ಫ್ರೀಜರುಗಳು ಸಾಮಾನ್ಯವಾಗಿ −80 ಡಿಗ್ರಿಗೆ ನಿಲ್ಲುತ್ತವೆ. ಅವುಗಳಿಗಿಂತ ನೂರಕ್ಕೂ ಹೆಚ್ಚು ಡಿಗ್ರಿ ತಣ್ಣಗಿರುವ ಈ ಪಾತ್ರೆ, ಕರೆಂಟಿನ ತಂತಿಯೊಂದರ ನೆರವೂ ಇಲ್ಲದೆ, ದಶಕಗಳಿಂದ ಹಳ್ಳಿಗಳಲ್ಲಿ ಓಡಾಡುತ್ತಿದೆ. ಜೀವಕೋಶವನ್ನು ಕಡುಶೀತದಲ್ಲಿಟ್ಟು ಕಾಯುವ ವಿದ್ಯೆ ಈ ಸೀಮೆಗೆ ಬಂದದ್ದು ದನದ ಕೊಟ್ಟಿಗೆಯ ದಾರಿಯಿಂದ. ಮನುಷ್ಯರ ಆಸ್ಪತ್ರೆಗೆ ಅದು ಬರುವಷ್ಟರಲ್ಲಿ ಬಹಳ ತಡವಾಗಿತ್ತು.

ಆ ದಾರಿ ತಿಳಿಯಬೇಕಾದರೆ ಇಲ್ಲಿ ದನಕ್ಕಿದ್ದ ಸ್ಥಾನದಿಂದಲೇ ಹೊರಡಬೇಕು. ಅರಸೀಕೆರೆಯ ಸುತ್ತ ಬಯಲುಸೀಮೆ: ರಾಗಿ, ತೆಂಗು, ಹುಲ್ಲುಗಾವಲು, ಆಗೊಮ್ಮೆ ಈಗೊಮ್ಮೆ ತುಂಬುವ ಕೆರೆ. ಬೇಲೂರಿನ ಪಶ್ಚಿಮಕ್ಕೆ ಹೋದಂತೆ ಮಳೆ ಏರುತ್ತದೆ, ಭತ್ತ ಮತ್ತು ಕಾಫಿ ಕಾಣುತ್ತವೆ. ಹಳೇಬೀಡು ಇವೆರಡರ ನಡುವಿನ ನೆಲ. ಹೊಯ್ಸಳರ ಕಾಲದಲ್ಲಿ ಈ ಮೂರೂ ಕಡೆ ದನವೇ ಚಲಿಸುವ ಆಸ್ತಿ. ತುರುಗಾಳಗದಲ್ಲಿ, ಅಂದರೆ ದನ ಹಿಡಿಯಲು ಬಂದವರೊಡನೆ ಕಾದಾಡಿ ಸತ್ತವರ ವೀರಗಲ್ಲುಗಳು ಇಡೀ ಪ್ರದೇಶದಲ್ಲಿ ಹರಡಿವೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದಲ್ಲಿ ಅಂಥ ಕಲ್ಲುಗಳ ಬರಹ ಸಾಕಷ್ಟಿದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಮುಂದೆ ಮಂಟಪದೊಳಗೆ ಮಲಗಿರುವ ಎರಡು ದೊಡ್ಡ ನಂದಿಗಳನ್ನು ಪ್ರವಾಸಿಗರು ಶಿಲ್ಪವೆಂದು ನೋಡುತ್ತಾರೆ. ಸುತ್ತಲಿನ ರೈತರಿಗೆ ಅವು ತಮ್ಮ ಮನೆಯ ಎತ್ತಿನ ದೈವರೂಪ.

ಮೈಸೂರು ಅರಸರ ಕಾಲಕ್ಕೆ ದನ ಸರ್ಕಾರದ ಖಾತೆಯಾಯಿತು. ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯಲ್ಲಿ ಅರಮನೆಯ ಹಿಂಡುಗಳಿಗೆ ಬೆಣ್ಣೆ ಚಾವಡಿ ಎಂಬ ಇಲಾಖೆ ಮಾಡಿ, ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು, ಅಂದರೆ ಮೇವಿಗೆ ಮೀಸಲಾದ ಹುಲ್ಲುಗಾವಲುಗಳನ್ನು, ಬಿಟ್ಟರು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಹೆಸರಿನಲ್ಲಿ ಬೆಣ್ಣೆ, ಅಮೃತ ಇದ್ದರೂ ಕೆಲಸ ದಂಡಿನದು. ತೋಪು ಮತ್ತು ಸಾಮಾನು ಎಳೆಯಲು ನಿಲ್ಲದೆ ನಡೆಯುವ ಎತ್ತು ಬೇಕಾಗಿತ್ತು. ಹಿಂಡು ಮಳೆಗಾಲದಲ್ಲಿ ಒಂದು ಕಾವಲು, ಚಳಿಗಾಲದಲ್ಲಿ ಇನ್ನೊಂದು, ಬೇಸಿಗೆಯಲ್ಲಿ ಮತ್ತೊಂದು ಎಂದು ಸುತ್ತುತ್ತಿತ್ತು. ಇಂದಿನ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಒಣ ಹುಲ್ಲುಗಾವಲುಗಳು ಈ ಸುತ್ತಿನೊಳಗೆ ಬರುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಬ್ರಿಟಿಷ್ ಸೈನ್ಯದ ಕೈಗೆ ಹೋದವು. ಖರ್ಚು ಉಳಿಸುವ ನೆಪದಲ್ಲಿ 1860ರಲ್ಲಿ ಸರ್ಕಾರ ಅವುಗಳನ್ನು ಮಾರಿಬಿಟ್ಟಿತು. ಆರು ವರ್ಷ ಕಳೆಯುವಷ್ಟರಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ, ಚದುರಿಹೋದ ಹಸುಗಳನ್ನು ಹುಡುಕಿ ತಂದು ಹಿಂಡನ್ನು ಮತ್ತೆ ಕಟ್ಟಬೇಕಾಯಿತು. ಒಂದು ತಳಿಯನ್ನು ಕಳೆದುಕೊಳ್ಳುವುದು ಎಷ್ಟು ಸುಲಭ, ಮರಳಿ ಕೂಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಈ ನಾಡಿನಲ್ಲಿ ಅದಕ್ಕಿಂತ ಸ್ಪಷ್ಟವಾದ ದಾಖಲೆ ಇಲ್ಲ. ಇಂದು ಅಮೃತಮಹಲ್ ತಳಿ ಸಂವರ್ಧನೆಯ ಮುಖ್ಯ ಕೇಂದ್ರ ಅಜ್ಜಂಪುರದಲ್ಲಿದೆ. ಅದರ ಉಪಕೇಂದ್ರಗಳಲ್ಲಿ ಅರಸೀಕೆರೆ ತಾಲ್ಲೂಕಿನ ಹಬ್ಬನಘಟ್ಟವೂ ಒಂದು.

ಸರ್ಕಾರಿ ಹಿಂಡಿನ ಹೊರಗೆ, ಹಳ್ಳಿಯಲ್ಲಿ ತಳಿ ಕಾಯುವ ಕೆಲಸ ಎರಡು ಬಗೆಯ ಹೋರಿಗಳದು. ಮೊದಲನೆಯದು ಉಳ್ಳವರ ಮನೆಯ ಬೀಜದ ಹೋರಿ. ಅದಕ್ಕೆ ಹುರುಳಿ, ಹಿಂಡಿ ತಿನ್ನಿಸಿ ಸಾಕುವುದು ಪ್ರತಿಷ್ಠೆಯ ಮಾತು. ಬೆದೆಗೆ ಬಂದ ಹಸುವನ್ನು ಹಿಡಿದು ತಂದ ನೆರೆಯವರು ಕಾಸನ್ನೋ ಕಾಳನ್ನೋ ಕೊಟ್ಟು ಹೋರಿ ಕೊಡಿಸಿಕೊಂಡು ಹೋಗುತ್ತಿದ್ದರು. ಎರಡನೆಯದು ದೇವರಿಗೆ ಬಿಟ್ಟ ಬಸವ. ಹರಕೆಗೆಂದೋ ಸತ್ತವರ ಹೆಸರಿನಲ್ಲೋ ಬಿಟ್ಟ ಕರು, ಮೈಮೇಲೆ ಮುದ್ರೆ ಹಾಕಿಸಿಕೊಂಡು, ಯಾರ ಹೊಲದಲ್ಲಿ ಮೇದರೂ ಹೊಡೆತ ತಿನ್ನದೆ ಬೆಳೆದು ಊರಿನ ಹೋರಿಯಾಗುತ್ತಿತ್ತು. ಧರ್ಮದ ಹೆಸರಿನಲ್ಲಿ ನಡೆದರೂ ಈ ಪದ್ಧತಿಯಿಂದ ಬಡವರ ಹಸುವಿಗೂ ಪುಕ್ಕಟೆ ಹೋರಿ ಸಿಗುತ್ತಿತ್ತು. ಅದರ ದೋಷವೂ ಚಿಕ್ಕದಲ್ಲ. ಒಂದೇ ಬಸವ ಏಳೆಂಟು ವರ್ಷ ಊರಲ್ಲಿದ್ದರೆ ತನ್ನ ಮಗಳನ್ನೂ ಮೊಮ್ಮಗಳನ್ನೂ ಕೂಡುತ್ತಿತ್ತು. ರೋಗವಿದ್ದರೆ ಅದನ್ನೂ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹರಡುತ್ತಿತ್ತು. ಹೊಸ ರಕ್ತ ಬೇಕೆಂದವರು ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದಂಥ ದನಗಳ ಜಾತ್ರೆಗೆ ಹೋಗಿ ಹಳ್ಳಿಕಾರ್ ತಳಿಯ ಹೋರಿಕರು ಕೊಂಡುತರುತ್ತಿದ್ದರು.

ಈ ವ್ಯವಸ್ಥೆಗೆ ಬದಲಿ ಹುಡುಕುವ ಕೆಲಸ ಭಾರತದಲ್ಲಿ ಮೊದಲು ನಡೆದದ್ದೂ ಮೈಸೂರು ಸಂಸ್ಥಾನದಲ್ಲೇ. 1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರ್ಮಿನಲ್ಲಿ ಡಾ. ಸಂಪತ್ ಕುಮಾರನ್ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಸಂಗ್ರಹಿಸಿ ಹಳ್ಳಿಕಾರ್ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿದರು. ದೇಶದ ಮೊದಲ ಯಶಸ್ವಿ ಪ್ರಯೋಗವೆಂದು ಪಶುವೈದ್ಯಕೀಯ ಪಠ್ಯಗಳು ಹೇಳುವುದು ಇದನ್ನೇ. ಅದಾದ ಕೆಲವೇ ವರ್ಷಗಳಲ್ಲಿ, 1942ರಿಂದ, ಉತ್ತರದ ಇಜ್ಜತ್‌ನಗರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಅಧ್ಯಯನ ಕೈಗೊಂಡಿತು. ಅದರ ಬೆನ್ನಿಗೆ ತೆರೆದ ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು.

ವಿಧಾನ ಡೆನ್ಮಾರ್ಕಿನದು. 1936ರಲ್ಲಿ ಅಲ್ಲಿನ ಸಾಮ್ಸೊ ದ್ವೀಪದ ರೈತರು ಕೃತಕ ಗರ್ಭಧಾರಣೆಗೆಂದೇ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಮರುವರ್ಷ ಅಲ್ಲಿನ ಪಶುವೈದ್ಯರು, ಗುದದ್ವಾರದ ಮೂಲಕ ಒಂದು ಕೈ ಹಾಕಿ ಗರ್ಭಕೊರಳನ್ನು ಹಿಡಿದುಕೊಂಡು, ಇನ್ನೊಂದು ಕೈಯಿಂದ ಸಪೂರ ನಳಿಗೆಯನ್ನು ಒಳಕ್ಕೆ ಸರಿಸುವ ಕ್ರಮ ರೂಢಿಸಿದರು. ಬೇಲೂರಿನ ಕೊಟ್ಟಿಗೆಯಲ್ಲಿ ಇಂದೂ ನಡೆಯುವುದು ಅದೇ ಕ್ರಮ.

ಆದರೆ ಆ ಕಾಲದ ವೀರ್ಯ ಹಸಿಯದು. ಮೊಟ್ಟೆಯ ಹಳದಿ ಭಾಗ ಬೆರೆಸಿದ ದ್ರಾವಣದಲ್ಲಿ ತೆಳುಮಾಡಿ 5 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ ಎರಡು ಮೂರು ದಿನ ಬಾಳುತ್ತಿತ್ತು, ಅಷ್ಟೇ. ಮೊಟ್ಟೆಯ ಹಳದಿ ಬಳಸಬಹುದೆಂದು ಅಮೆರಿಕದ ಫಿಲಿಪ್ಸ್ ಮತ್ತು ಲಾರ್ಡಿ 1940ರಲ್ಲಿ ತೋರಿಸಿದ್ದರು. ಮೊದಲ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, 1951–52ರಿಂದ, ಕೀ ವಿಲೇಜ್ ಯೋಜನೆಯಡಿ ದೇಶದಲ್ಲಿ ಕೃತಕ ಗರ್ಭಧಾರಣೆ ಕೇಂದ್ರಗಳು ಶುರುವಾದಾಗ ಪ್ರತಿ ಕೇಂದ್ರವೂ ತನ್ನ ಹೋರಿಗಳನ್ನು ತಾನೇ ಸಾಕಬೇಕಾಗಿತ್ತು. ವೀರ್ಯ ಥರ್ಮೋಸ್ ಫ್ಲಾಸ್ಕಿನಲ್ಲಿ, ಮಂಜುಗಡ್ಡೆಯ ಚೂರುಗಳ ನಡುವೆ ಪ್ರಯಾಣ ಮಾಡುತ್ತಿತ್ತು. ಮಂಜುಗಡ್ಡೆ ಸಿಗುವುದೇ ಪಟ್ಟಣದಲ್ಲಿ. ಬಯಲುಸೀಮೆಯ ಬೇಸಿಗೆಯಲ್ಲಿ ಆ ಫ್ಲಾಸ್ಕು ಸೈಕಲ್ಲಿನ ಮೇಲೆ ಎಷ್ಟು ದೂರ ಹೋಗಬಲ್ಲುದು ಎಂಬುದು ಯೋಜನೆಯ ಎಲ್ಲೆಯಾಯಿತು. ಕೇಂದ್ರದಿಂದ ಆಚೆಗಿನ ಹಳ್ಳಿಗಳಲ್ಲಿ ಬಸವನೇ ಗತಿ.

ಜೀವಕೋಶವನ್ನು ಹೆಪ್ಪುಗಟ್ಟಿಸಿದರೆ ಕಾಲದ ಮಿತಿ ಹೋಗುತ್ತದೆಂಬುದು ಯಾರಿಗೂ ಹೊಳೆಯದ ಮಾತೇನಲ್ಲ. ಇಟಲಿಯ ಸ್ಪಲ್ಲಾಂಜಾನಿ 18ನೆಯ ಶತಮಾನದಲ್ಲೇ ವೀರ್ಯವನ್ನು ಹಿಮದಲ್ಲಿಟ್ಟು ನೋಡಿದ್ದ. ತೊಡಕು ಇರುವುದು ನೀರಿನಲ್ಲಿ. ಕೋಶದ ಬಹುಭಾಗ ನೀರು. ಅದು ಹರಳುಗಟ್ಟಿದಾಗ ಕೋಶದ ಪೊರೆ ಹರಿಯುತ್ತದೆ, ಉಳಿದ ದ್ರವದಲ್ಲಿ ಉಪ್ಪಿನ ಸಾಂದ್ರತೆ ಏರಿ ಒಳಗಿನ ರಚನೆ ಕೆಡುತ್ತದೆ. ಇದಕ್ಕೆ ಪರಿಹಾರ ಸಿಕ್ಕಿದ್ದು ಅಚಾತುರ್ಯದಿಂದ. ಲಂಡನ್ನಿನ ಮಿಲ್ ಹಿಲ್ ಪ್ರಯೋಗಾಲಯದಲ್ಲಿ ಕ್ರಿಸ್ಟಫರ್ ಪೋಲ್ಜ್, ಆಡ್ರಿ ಸ್ಮಿತ್ ಮತ್ತು ಆಲನ್ ಪಾರ್ಕ್ಸ್ ಹುಂಜದ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿ ಹೆಪ್ಪುಗಟ್ಟಿಸಲು ಹೆಣಗಿ ಸೋತಿದ್ದರು. ತಿಂಗಳುಗಳ ನಂತರ ಶೀತಕೋಣೆಯಿಂದ ಅದೇ ದ್ರಾವಣವೆಂದು ತೆಗೆದ ಬಾಟಲಿಯಿಂದ ಮತ್ತೆ ಮಾಡಿದಾಗ ವೀರ್ಯಾಣುಗಳು ಕರಗಿದ ಮೇಲೆ ಈಜಾಡತೊಡಗಿದವು. ಪರೀಕ್ಷಿಸಿ ನೋಡಿದರೆ ಬಾಟಲಿಯಲ್ಲಿ ಇದ್ದದ್ದು ಗ್ಲಿಸರಾಲ್, ಚೀಟಿಗಳು ಅದಲುಬದಲಾಗಿದ್ದವು. 1949ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಹೆಪ್ಪುಗಟ್ಟಿಸಿದ ವೀರ್ಯದಿಂದ ಹುಟ್ಟಿದ ಮೊದಲ ಕರು 1951ರಲ್ಲಿ ಇಂಗ್ಲೆಂಡಿನಲ್ಲಿ ವರದಿಯಾಯಿತು. ಇಂದು ಜಗತ್ತಿನ ಶೀತ ಭಂಡಾರಗಳಲ್ಲಿರುವ ಭ್ರೂಣ, ಕಾಂಡಕೋಶ, ಅಂಗಾಂಶಗಳ ಸಂರಕ್ಷಣೆಯ ಇತಿಹಾಸವೆಲ್ಲ ಆ ತಪ್ಪು ಬಾಟಲಿಯಿಂದ ಮುಂದಕ್ಕೆ ಸಾಗುತ್ತದೆ.

ಶೀತ ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. ಆರಂಭದಲ್ಲಿ ಬಳಸಿದ್ದು ಒಣ ಮಂಜುಗಡ್ಡೆ, ಅಂದರೆ ಘನರೂಪದ ಇಂಗಾಲದ ಡೈಆಕ್ಸೈಡ್. ಅದನ್ನು ಆಲ್ಕೊಹಾಲಿನಲ್ಲಿ ಅದ್ದಿದರೆ −79 ಡಿಗ್ರಿ ಸಿಗುತ್ತದೆ. ಇಂದಿನ ಪ್ರಯೋಗಾಲಯದ ಫ್ರೀಜರು −80 ಡಿಗ್ರಿಯ ಸುತ್ತಲೇ ನಿಂತಿರುವುದಕ್ಕೆ ಆ ಹಳೆಯ ರೂಢಿಯ ನೆರಳೂ ಒಂದು ಕಾರಣವಿರಬಹುದು. ಆದರೆ −79ರಲ್ಲಿ ಕೋಶದೊಳಗಿನ ಕ್ರಿಯೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಸಣ್ಣ ಹರಳುಗಳು ಕೂಡಿಕೊಂಡು ದೊಡ್ಡದಾಗುತ್ತಲೇ ಇರುತ್ತವೆ. ವರ್ಷಗಳುರುಳಿದಂತೆ ವೀರ್ಯದ ಕಸುವು ಇಳಿಯುತ್ತದೆ. ಸುಮಾರು −130 ಡಿಗ್ರಿಗಿಂತ ಕೆಳಗೆ ಕೋಶದೊಳಗಿನ ನೀರು ಗಾಜಿನಂತೆ ಗಡುಸಾಗಿ, ಅಣುಗಳ ಓಡಾಟ ನಿಂತು, ಕಾಲ ಹೋದದ್ದೇ ಕೋಶಕ್ಕೆ ತಿಳಿಯದಂತಾಗುತ್ತದೆ. ಅಷ್ಟು ಕೆಳಗೆ ಹೋಗುವ ಅಗ್ಗದ ದಾರಿ ದ್ರವಸಾರಜನಕ. ಗಾಳಿಯ ನೂರರಲ್ಲಿ 78 ಪಾಲು ಸಾರಜನಕವೇ. ಅದನ್ನು ಮೊದಲು ದ್ರವವಾಗಿಸಿದವರು 1883ರಲ್ಲಿ ಪೋಲೆಂಡಿನ ಕ್ರಾಕೊವ್ ನಗರದ ಒಲ್‌ಶೆವ್‌ಸ್ಕಿ ಮತ್ತು ವ್ರುಬ್ಲೆವ್‌ಸ್ಕಿ. ಅಂಥ ದ್ರವವನ್ನು ಇಡಲು ಎರಡು ಗೋಡೆಗಳ ನಡುವೆ ನಿರ್ವಾತವಿರುವ ಪಾತ್ರೆಯನ್ನು 1892ರಲ್ಲಿ ಮಾಡಿದವನು ಜೇಮ್ಸ್ ಡ್ಯೂವರ್. ಥರ್ಮೋಸ್ ಫ್ಲಾಸ್ಕೂ ನೈಟ್ರೋಜನ್ ಕ್ಯಾನೂ ಆ ಒಂದೇ ಪಾತ್ರೆಯ ಸಂತಾನ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಹೋರಿ ಕಂಪನಿಗಳು ಒಣ ಮಂಜುಗಡ್ಡೆ ಬಿಟ್ಟು ಇದಕ್ಕೆ ಹೊರಳಿದವು.

ವೀರ್ಯ ತುಂಬುವ ನಳಿಕೆಯೂ ಡೆನ್ಮಾರ್ಕಿನಿಂದ ಹೊರಟದ್ದು. ಎಡ್ವರ್ಡ್ ಸೊರೆನ್‌ಸೆನ್ ಎಂಬ ಪಶುವೈದ್ಯ ಮಗಳ ಹುಟ್ಟುಹಬ್ಬದಲ್ಲಿ ಮಕ್ಕಳು ಶರಬತ್ತು ಹೀರುತ್ತಿದ್ದ ಕಡ್ಡಿಗಳನ್ನು ನೋಡಿ ಇದನ್ನು ಯೋಚಿಸಿದನೆಂಬ ಕಥೆ ವೃತ್ತಿಯವರಲ್ಲಿ ಪ್ರಚಲಿತ. ಫ್ರಾನ್ಸಿನ ರೊಬೆರ್ ಕಸ್ಸೂ ಅದನ್ನು ತಿದ್ದಿ ಇಂದಿನ ಸಪೂರ ಪ್ಲಾಸ್ಟಿಕ್ ರೂಪಕ್ಕೆ ತಂದ. ಭಾರತದಲ್ಲಿ ಬಳಕೆಯಲ್ಲಿರುವ ಚಿಕ್ಕ ನಳಿಕೆಯ ಹಿಡಿತ ಕಾಲು ಮಿಲಿಲೀಟರ್. ಅದರಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿರಬೇಕು, ಕರಗಿಸಿದ ಮೇಲೆ ಅರ್ಧದಷ್ಟಾದರೂ ಚಲಿಸುತ್ತಿರಬೇಕು ಎಂಬುದು ಸರ್ಕಾರ ಇಟ್ಟಿರುವ ಕನಿಷ್ಠ ಮಟ್ಟ. ನಳಿಕೆಯ ಮೈಮೇಲೆ ಹೋರಿಯ ಸಂಖ್ಯೆ, ತಳಿ, ತಯಾರಾದ ಕೇಂದ್ರ ಮತ್ತು ದಿನಾಂಕ ಅಚ್ಚಾಗಿರುತ್ತವೆ. ಬಸವನ ಮೈಮೇಲಿನ ಮುದ್ರೆ ಅವನು ಯಾವ ದೇವರಿಗೆ ಸೇರಿದವನೆಂದು ಹೇಳುತ್ತಿತ್ತು. ಅವನ ತಾಯಿ ಎಷ್ಟು ಹಾಲು ಕೊಟ್ಟಳೆಂಬ ಲೆಕ್ಕ ಎಲ್ಲೂ ಇರಲಿಲ್ಲ. ನಳಿಕೆಯ ಸಂಖ್ಯೆಯ ಹಿಂದೆ ಆ ಲೆಕ್ಕವಿದೆ.

ಕರ್ನಾಟಕಕ್ಕೆ ಈ ತಂತ್ರ ಬಂದದ್ದು ಬೆಂಗಳೂರಿನ ಪಕ್ಕದ ಹೆಸರಘಟ್ಟದ ಮೂಲಕ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1969ರಲ್ಲಿ ಅಲ್ಲಿ ಶುರುವಾದ ಕೇಂದ್ರ, ಇಂದಿನ ಕೇಂದ್ರೀಯ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ, ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಈ ಕೆಲಸ ಹಿಡಿದ ಮೊದಲಿಗರ ಸಾಲಿನಲ್ಲಿದೆ. ರಾಜ್ಯದ ಪಶುಪಾಲನಾ ಇಲಾಖೆ ಮತ್ತು ಹಾಲು ಮಹಾಮಂಡಳದ ವೀರ್ಯ ಕೇಂದ್ರಗಳೂ ಮುಂದೆ ಹೆಸರಘಟ್ಟದಲ್ಲೇ ನೆಲೆಗೊಂಡವು. ಹೋರಿ ಅಲ್ಲಿ ಕೃತಕ ಯೋನಿಯಲ್ಲಿ ವೀರ್ಯ ಬಿಡುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮೊಟ್ಟೆಯ ಹಳದಿ ಮತ್ತು ಗ್ಲಿಸರಾಲ್ ಇರುವ ದ್ರಾವಣದಲ್ಲಿ ತೆಳುಮಾಡಿ, ನಳಿಕೆಗಳಿಗೆ ತುಂಬಿ, ಕೆಲವು ಗಂಟೆ ತಣ್ಣಗಿಟ್ಟು, ಸಾರಜನಕದ ಆವಿಯಲ್ಲಿ ಹೆಪ್ಪುಗಟ್ಟಿಸಿ, ಕೊನೆಗೆ ದ್ರವದೊಳಗೆ ಮುಳುಗಿಸುತ್ತಾರೆ. ಹಳ್ಳಿಯ ಹೋರಿ ವರ್ಷಕ್ಕೆ ನೂರರ ಸುತ್ತ ಹಸುಗಳನ್ನು ಕೂಡಬಲ್ಲುದು. ಇಲ್ಲಿನ ಒಂದು ಹೋರಿಯಿಂದ ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ನಳಿಕೆಗಳು ತಯಾರಾಗುತ್ತವೆ. ಹೋರಿ ಸತ್ತ ಮೇಲೂ ಕರುಗಳು ಹುಟ್ಟುತ್ತಲೇ ಇರುತ್ತವೆ.

ತಯಾರಿಸುವುದು ಒಂದು, ಬೇಡಿಕೆ ಹುಟ್ಟುವುದು ಇನ್ನೊಂದು. ಎತ್ತಿಗಾಗಿ ದನ ಸಾಕುವ ಸೀಮೆಗೆ ವಿದೇಶಿ ಹೋರಿಯ ವೀರ್ಯದಿಂದ ಪ್ರಯೋಜನವಿರಲಿಲ್ಲ. ಮಿಶ್ರತಳಿಯ ಹೋರಿಗೆ ಹಿಣಿಲು ಸಣ್ಣದು, ನೊಗ ನಿಲ್ಲದು, ಬಿಸಿಲು ತಾಳದು. ಹಾಲಿಗೆ ದಿನವೂ ದುಡ್ಡು ಸಿಗುವ ಏರ್ಪಾಡಾದ ಮೇಲೆ ಲೆಕ್ಕ ಬದಲಾಯಿತು. ವಿಶ್ವಬ್ಯಾಂಕಿನ ನೆರವಿನಿಂದ 1970ರ ದಶಕದ ನಡುವಿನಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ಯೋಜನೆ ಆರಂಭವಾದಾಗ ರಾಜ್ಯದ ದಕ್ಷಿಣದ ಜಿಲ್ಲೆಗಳೇ ಅದರ ಕ್ಷೇತ್ರ, ಹಾಸನವೂ ಅದರೊಳಗಿತ್ತು. ಹಳ್ಳಿಯಲ್ಲಿ ಹಾಲಿನ ಡೈರಿ, ಬೆಳಿಗ್ಗೆ ಸಂಜೆ ಕ್ಯಾನು ಹೊರುವ ಲಾರಿ, ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ. ಅದೇ ಹೊತ್ತಿಗೆ ಉಳುಮೆಗೆ ಟ್ರ್ಯಾಕ್ಟರು ಹೊಕ್ಕಿತು. ಎತ್ತಿನ ಬೆಲೆ ಇಳಿದು ಹಸುವಿನ ಬೆಲೆ ಏರಿತು. ಹೋರಿಯನ್ನು ಕೊಟ್ಟಿಗೆಯಿಂದ ಹೊರದಬ್ಬಿದ್ದು ಕಡುಶೀತವೊಂದೇ ಎಂದರೆ ಅನ್ಯಾಯವಾದೀತು. ಡೈರಿಯ ಬಟವಾಡೆ ಮತ್ತು ಟ್ರ್ಯಾಕ್ಟರಿನ ಪಾಲೂ ಅದರಲ್ಲಿ ದೊಡ್ಡದು. ಇಲಾಖೆಯೂ ತನ್ನ ಪಾಲಿಗೆ ನಾಟಿ ಹೋರಿಗಳ ಬೀಜ ಒಡೆಸುವ ಕೆಲಸವನ್ನು ಉತ್ಸಾಹದಿಂದ ಮಾಡಿತು.

ಕ್ಯಾನಿನ ಜೊತೆಗೆ ಒಂದು ಹೊಸ ಕಸುಬೂ ಹಳ್ಳಿಗೆ ಬಂತು. ಪಶು ಆಸ್ಪತ್ರೆಯ ವೈದ್ಯರು ಮತ್ತು ಪಶುವೈದ್ಯಕೀಯ ಪರೀಕ್ಷಕರು, ಹಾಲು ಸಂಘಗಳ ತರಬೇತಾದ ಕೃತಕ ಗರ್ಭಧಾರಣೆ ಕಾರ್ಯಕರ್ತರು ಇದನ್ನು ನಡೆಸುತ್ತಾರೆ. ರೈತರ ಬಾಯಲ್ಲಿ ಇವರೆಲ್ಲ ಡಾಕ್ಟ್ರು; ಅವರು ಮಾಡುವುದು ಇಂಜೆಕ್ಷನ್ನು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಬೇಕೆಂಬ ನಿಯಮ ಹಾಲು ಕರೆಯುವ ಹೆಂಗಸರಿಗೆಲ್ಲ ಗೊತ್ತು. ಮೊಬೈಲು ಬರುವ ಮೊದಲು ಹಸುವನ್ನೇ ಆಸ್ಪತ್ರೆಯ ಅಂಗಳದ ಕಂಬದ ಚೌಕಟ್ಟಿಗೆ ಹೊಡೆದುಕೊಂಡು ಹೋಗಬೇಕಿತ್ತು. ಈಗ ಬೈಕಿಗೆ ಕಟ್ಟಿದ ಮೂರು ಲೀಟರಿನ ಚಿಕ್ಕ ಕ್ಯಾನು ಮನೆಬಾಗಿಲಿಗೇ ಬರುತ್ತದೆ.

ಈ ಕೆಲಸದ ಸೂಕ್ಷ್ಮವೆಲ್ಲ ಕ್ಯಾನಿನ ಕತ್ತಿನಲ್ಲಿದೆ. ನಳಿಕೆ ಹುಡುಕಲು ಒಳಗಿನ ಬುಟ್ಟಿಯನ್ನು ಕತ್ತಿನ ಮಟ್ಟಕ್ಕಿಂತ ಮೇಲೆತ್ತಿ ಕೆಲವು ಸೆಕೆಂಡು ಹಿಡಿದರೂ ಸಾಕು, ಬುಟ್ಟಿಯಲ್ಲಿರುವ ಉಳಿದ ನಳಿಕೆಗಳು ಬಿಸಿಯಾಗಿ ಮತ್ತೆ ತಣ್ಣಗಾಗುತ್ತವೆ. ಹರಳುಗಳು ಬೆಳೆದು ವೀರ್ಯಾಣು ಸಾಯುತ್ತದೆ. ಹೊರನೋಟಕ್ಕೆ ನಳಿಕೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಕೆಟ್ಟದ್ದು ತಿಳಿಯುವುದು 21 ದಿನದ ನಂತರ, ಹಸು ಮತ್ತೆ ಬೆದೆಗೆ ಬಂದಾಗ. ತೆಗೆದ ನಳಿಕೆಯನ್ನು 37 ಡಿಗ್ರಿಯ ನೀರಿನಲ್ಲಿ 30 ಸೆಕೆಂಡು ಕರಗಿಸಬೇಕೆಂಬುದು ಕ್ರಮ. ಅಂಗೈಯಲ್ಲಿ ಉಜ್ಜಿ, ಅಂಗಿಯ ಜೇಬಿನಲ್ಲಿಟ್ಟು ಕರಗಿಸುವ ಅಡ್ಡದಾರಿಗಳೂ ಉಂಟು. ದಂಡ ತೆರುವವನು ರೈತ. ಮುಚ್ಚಳವನ್ನು ಬಿಗಿಯಾಗಿ ಮುಚ್ಚುವಂತಿಲ್ಲ, ಏಕೆಂದರೆ ಒಂದು ಲೀಟರು ದ್ರವಸಾರಜನಕ ಆವಿಯಾದರೆ ಸುಮಾರು 700 ಲೀಟರು ಅನಿಲವಾಗುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅದು ಉಸಿರುಗಟ್ಟಿಸುತ್ತದೆ. ಕೈಮೇಲೆ ಚೆಲ್ಲಿದರೆ ಸುಟ್ಟಂತೆ ಗಾಯ. ಹೀಗೆ ಆವಿಯಾಗಿ ಹೋಗುತ್ತಲೇ ಇರುವುದರಿಂದ ಕ್ಯಾನಿಗೆ ಕಾಲಕಾಲಕ್ಕೆ ತುಂಬಬೇಕು. ಅಳತೆಗೋಲು ಇಳಿಸಿ, ಅದರ ಮೇಲೆ ಕೂತ ಹಿಮದ ಗುರುತು ನೋಡಿ, ಎಷ್ಟು ಉಳಿದಿದೆಯೆಂದು ತಿಳಿಯುತ್ತಾರೆ. ಟ್ಯಾಂಕರು ಬರುವುದು ತಡವಾಗಿ ಕ್ಯಾನು ಒಣಗಿದರೆ ಅದರಲ್ಲಿರುವ ನಳಿಕೆಗಳೆಲ್ಲ ವ್ಯರ್ಥ. ಎಲ್ಲ ಸರಿಯಾಗಿ ನಡೆದರೂ ಮೂರು ಹಸುವಿನಲ್ಲಿ ಒಂದು ಮೊದಲ ಸಲಕ್ಕೇ ಗಬ್ಬ ನಿಂತರೆ ನಮ್ಮ ದೇಶದ ಸರಾಸರಿಗೆ ಸಮ.

ಮೂರು ಊರುಗಳ ಸೀಮೆಯಲ್ಲಿ ಇದರ ಪರಿಣಾಮ ಒಂದೇ ಬಗೆಯದಲ್ಲ. ಅರಸೀಕೆರೆಯ ಬಯಲಿನಲ್ಲಿ ತೆಂಗಿನ ತೋಟದ ನೆರಳು, ಜೋಳದ ಮೇವು ಇರುವ ಕಡೆ ಕಪ್ಪು ಬಿಳುಪಿನ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ನೆಲೆಯಾಯಿತು. ಹಳ್ಳಿಕಾರ್ ಜೋಡಿ ಕಟ್ಟುವುದು ಶೋಕಿಯವರ ಪಾಲಿಗೆ ಉಳಿಯಿತು. ಬೇಲೂರಿನ ಮಲೆನಾಡ ಅಂಚಿನಲ್ಲಿ ಮಳೆ, ಉಣ್ಣೆ, ಜಿಗಣೆಗಳನ್ನು ತಾಳುವ ಗಿಡ್ಡ ದನಗಳೇ ಬಹುಕಾಲ ಕಾಡಿನಂಚಿನಲ್ಲಿ ಮೇಯುತ್ತಿದ್ದವು. ದಿನಕ್ಕೆ ಒಂದೆರಡು ಲೀಟರಿನ ಆ ಹಸುಗಳು ಹಗಲೆಲ್ಲ ಹೊರಗೆ ಮೇಯುವುದರಿಂದ ಬೆದೆ ಗುರುತಿಸುವವರೂ ಇಲ್ಲ. ಅಲ್ಲಿ ಕ್ಯಾನಿನ ಕಾಲ ತಡವಾಗಿ ಬಂತು. ಮಲೆನಾಡು ಗಿಡ್ಡಕ್ಕೆ ಸ್ವತಂತ್ರ ತಳಿಯೆಂಬ ಅಧಿಕೃತ ಮನ್ನಣೆ ಸಿಕ್ಕಿದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಅದರ ಶುದ್ಧ ಹಿಂಡುಗಳು ತೆಳುವಾಗಿದ್ದವು.

ದ್ರವಸಾರಜನಕ ಹಳ್ಳಿ ತಲುಪಿ ದಶಕಗಳಾದರೂ −80 ಡಿಗ್ರಿಯ ಯಂತ್ರ ಫ್ರೀಜರು ಜಿಲ್ಲೆಗೆ ಬರಲು ಇಷ್ಟು ತಡವೇಕಾಯಿತು? ಉತ್ತರ ಕರೆಂಟಿನಲ್ಲಿದೆ. ಮನೆಯ ಫ್ರಿಜ್ಜಿಗೆ ಒಂದು ಕಂಪ್ರೆಸರು ಸಾಕು. −80ಕ್ಕೆ ಇಳಿಯಲು ಸಾಮಾನ್ಯವಾಗಿ ಎರಡು ಕಂಪ್ರೆಸರು ಬೇಕು. ಮೊದಲನೆಯದು ಸುಮಾರು −40ರವರೆಗೆ ತಣ್ಣಗೆ ಮಾಡುತ್ತದೆ. ಆ ಶೀತದಲ್ಲಿ ಎರಡನೆಯದರ ಅನಿಲ ದ್ರವವಾಗಿ, ಮತ್ತೆ ಆವಿಯಾಗುವಾಗ ಇನ್ನಷ್ಟು ಕೆಳಕ್ಕೆ ಒಯ್ಯುತ್ತದೆ. ಹಳೆಯ ಮಾದರಿಯ ಫ್ರೀಜರೊಂದು ದಿನಕ್ಕೆ 20 ಯೂನಿಟ್ಟಿನವರೆಗೆ ವಿದ್ಯುತ್ ತಿನ್ನುತ್ತಿತ್ತು. ಗಂಟೆಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಅದಕ್ಕೆ ಜನರೇಟರು, ಎಚ್ಚರಿಕೆಯ ಗಂಟೆ, ಹವಾನಿಯಂತ್ರಿತ ಕೋಣೆ, ರಾತ್ರಿ ಓಡಿಬರುವ ಜನ ಎಲ್ಲ ಬೇಕು. ನೈಟ್ರೋಜನ್ ಕ್ಯಾನಿಗೆ ಬೇಕಾದದ್ದು ತುಂಬುವ ಒಬ್ಬ ಮನುಷ್ಯ.

ಹಾಗಾಗಿ ಯಂತ್ರ ಫ್ರೀಜರುಗಳು ಬಹುಕಾಲ ಬೆಂಗಳೂರಿನಲ್ಲೇ ಉಳಿದವು. ಅಲ್ಲಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಪ್ರೊ. ಎಸ್.ಕೆ. ಶಂಕರ್ ಅವರ ಮುಂದಾಳತನದಲ್ಲಿ ಆರಂಭವಾದ ಮಿದುಳು ಬ್ಯಾಂಕು ದಾನಿಗಳ ಮಿದುಳಿನ ಅಂಗಾಂಶವನ್ನು ಅಂಥ ಫ್ರೀಜರುಗಳಲ್ಲಿ ಕಾಯ್ದಿಟ್ಟಿದೆ. ಅದಕ್ಕೂ ಎಷ್ಟೋ ಮೊದಲು, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಜನರಿಗೆ ಜ್ವರ ಬಂದಾಗ, ವೈರಸ್ಸನ್ನು ಬೇರ್ಪಡಿಸಿ ಗುರುತಿಸಿದ್ದು ದೂರದ ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಮಾದರಿ ಒಂದು ಊರಿನದು, ಅದನ್ನು ಕಾಯುವ ಶೀತ ಇನ್ನೊಂದು ಊರಿನದು ಎಂಬುದು ರೂಢಿಯೇ ಆಗಿತ್ತು. ಜಾನುವಾರುಗಳ ವಿಷಯದಲ್ಲೂ ಹೀಗೆಯೇ. 1925ರಲ್ಲಿ ಮೈಸೂರು ಸೀರಂ ಇನ್ಸ್ಟಿಟ್ಯೂಟ್ ಆಗಿ ಆರಂಭವಾದ ಹೆಬ್ಬಾಳದ ಸಂಸ್ಥೆ ದೊಡ್ಡರೋಗದ (ರಿಂಡರ್‌ಪೆಸ್ಟ್) ವಿರುದ್ಧದ ಮದ್ದು ಮಾಡುತ್ತಿತ್ತು. ಹಾಸನ ಸೀಮೆಯ ರೋಗದ ಮಾದರಿಗಳೂ ಬೆಂಗಳೂರಿನ ಹಾದಿ ಹಿಡಿಯುತ್ತಿದ್ದವು. 2013ರಲ್ಲಿ ಕಾಲುಬಾಯಿ ಜ್ವರ ದಕ್ಷಿಣ ಕರ್ನಾಟಕದ ದನಗಳನ್ನು ಬಲಿ ತೆಗೆದುಕೊಂಡಾಗಲೂ ಅಷ್ಟೇ. ಆ ರೋಗದ ದನದ ನಾಲಿಗೆಯಿಂದ ಕಿತ್ತ ಚರ್ಮದ ಚೂರನ್ನು ಕಳಿಸುವುದು ಗ್ಲಿಸರಾಲ್ ಬೆರೆತ ದ್ರಾವಣದಲ್ಲಿ. ವೀರ್ಯ ಕಾಯುವ ವಸ್ತುವೇ ಇಲ್ಲಿ ವೈರಸ್ಸನ್ನೂ ಕಾಯುತ್ತದೆ.

ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2006ರಲ್ಲಿ ಶುರುವಾಯಿತು. ಪಶುವೈದ್ಯಕೀಯ ಕಾಲೇಜೂ ಆ ಆಸುಪಾಸಿನಲ್ಲೇ ಬಂತು. ಆದರೆ ಜಿಲ್ಲೆಯ ಜನಸಾಮಾನ್ಯರಿಗೆ ಮಾದರಿ, ಶೀತಲ ಪೆಟ್ಟಿಗೆ, ಲ್ಯಾಬು ಎಂಬ ಮಾತುಗಳು ಬಾಯಿಪಾಠವಾದದ್ದು 2020ರ ಕೊರೊನಾದಿಂದ. ಆ ವರ್ಷ ಹಾಸನದ ವೈದ್ಯಕೀಯ ಕಾಲೇಜಿನಲ್ಲೇ ಪರೀಕ್ಷೆ ಆರಂಭವಾಗಿ, ಅರಸೀಕೆರೆ, ಬೇಲೂರಿನ ಗಂಟಲು ದ್ರವದ ಮಾದರಿಗಳು ಜಿಲ್ಲೆ ದಾಟುವುದು ತಪ್ಪಿತು. ಅಂಥ ಮಾದರಿಯನ್ನು ಕೆಲವು ದಿನ 2ರಿಂದ 8 ಡಿಗ್ರಿಯಲ್ಲಿ ಇಡಬಹುದು. ಅದಕ್ಕಿಂತ ಹೆಚ್ಚು ಕಾಲಕ್ಕೆ −70 ಅಥವಾ ಅದಕ್ಕಿಂತ ಕೆಳಗಿನ ಶೀತ ಬೇಕು. ಆ ಹೊತ್ತಿಗೆ ಹಳೇಬೀಡಿನ ಹಸುಗಳಿಗೆ ಅದಕ್ಕಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗಿನ ಶೀತದ ಸೇವೆ ಹಳತಾಗಿತ್ತು.

ಈಚಿನ ವರ್ಷಗಳಲ್ಲಿ ಕ್ಯಾನಿನೊಳಗಿನ ಸರಕೂ ಬದಲಾಗುತ್ತಿದೆ. ಹೆಣ್ಣುಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ನಳಿಕೆಗಳು ಬಂದಿವೆ. ಅವುಗಳಲ್ಲಿ ವೀರ್ಯಾಣುಗಳ ಸಂಖ್ಯೆ ಮಾಮೂಲಿನ ಹತ್ತರಲ್ಲೊಂದು ಪಾಲು, ಬೆಲೆ ಹೆಚ್ಚು. ಗಂಡುಕರು ಹುಟ್ಟಿದರೆ ಸಾಕಲು ಯಾರಿಗೂ ಬೇಡವಾಗಿರುವ ಕಾಲಕ್ಕೆ ತಕ್ಕ ಸರಕು ಅದು. ಅದರ ಪಕ್ಕದಲ್ಲೇ, ವಿದೇಶಿ ತಳಿಗಳ ನಳಿಕೆಗಳ ನಡುವೆ, ಹಳ್ಳಿಕಾರ್ ಮತ್ತು ಅಮೃತಮಹಲ್ ಹೋರಿಗಳ ನಳಿಕೆಗಳೂ ಈಗ ಸಿಗುತ್ತವೆ. ಯಾವ ತಂತ್ರ ಅವುಗಳನ್ನು ಕೊಟ್ಟಿಗೆಯಿಂದ ಸರಿಸಲು ನೆರವಾಯಿತೋ ಅದೇ ತಂತ್ರಕ್ಕೆ ಅವುಗಳನ್ನು ಉಳಿಸುವ ಹೊಣೆಯೂ ಬಿದ್ದಿದೆ. ದೇಶಿ ತಳಿಗಳ ಲೆಕ್ಕವಿಟ್ಟು ಅವುಗಳ ವೀರ್ಯವನ್ನು ಕಾಲಾವಧಿಯಿಲ್ಲದೆ ಕಾಯುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಹುಟ್ಟಿದ್ದು 1984ರಲ್ಲಿ, ಬೆಂಗಳೂರಿನಲ್ಲಿ. ಮರುವರ್ಷ ಅದು ಹರಿಯಾಣದ ಕರ್ನಾಲಿಗೆ ಹೋಯಿತು.

ಇಂಥ ಭಂಡಾರದ ಶಕ್ತಿಗೆ ಮಿತಿ ಇದೆ. ವೀರ್ಯ ಅರ್ಧ ತಳಿ ಮಾತ್ರ, ಉಳಿದರ್ಧ ಹಸುವಿನಲ್ಲಿದೆ. ಅಮೃತಮಹಲ್ ಹಸುಗಳೇ ಇಲ್ಲವಾಗಿ ನಳಿಕೆಗಳಷ್ಟೇ ಉಳಿದರೆ, ಬೇರೆ ತಳಿಯ ಹಸುವಿಗೆ ಆ ವೀರ್ಯ ಕೊಟ್ಟು, ಹುಟ್ಟಿದ ಹೆಣ್ಣುಕರುವಿಗೆ ಮತ್ತೆ ಅದೇ ತಳಿಯ ವೀರ್ಯ ಕೊಡುತ್ತ ಹೋಗಬೇಕು. ಮೊದಲ ತಲೆಮಾರಿನಲ್ಲಿ ಅಮೃತಮಹಲ್ ಅಂಶ 50, ಎರಡನೆಯದರಲ್ಲಿ 75, ಐದನೆಯದರಲ್ಲಿ ಸುಮಾರು 97 ಶೇಕಡಾ. ಈ ತಳಿಯ ಕಡಸು ಮೊದಲ ಸಲ ಕರು ಹಾಕುವುದೇ ನಾಲ್ಕು ವರ್ಷದ ಸುಮಾರಿಗೆ. ಐದು ತಲೆಮಾರಿಗೆ 20 ವರ್ಷ ಬೇಕು. ಭ್ರೂಣಗಳನ್ನೇ ಹೆಪ್ಪುಗಟ್ಟಿಸಿಟ್ಟರೆ ಕಾಲ ಉಳಿಯುತ್ತದೆ, ಖರ್ಚು ಏರುತ್ತದೆ. ಅದಕ್ಕಿಂತ ಹುಲ್ಲುಗಾವಲಿನಲ್ಲಿ ಹಿಂಡನ್ನು ಮೇಯಿಸುವುದೇ ಅಗ್ಗ. ಹೆಸರಘಟ್ಟದ ಕ್ಯಾನುಗಳಲ್ಲಿ ನಳಿಕೆಗಳಿದ್ದರೂ ಅಜ್ಜಂಪುರದ ಕೇಂದ್ರ ಮತ್ತು ಅದರ ಉಪಕೇಂದ್ರಗಳ ಕಾವಲುಗಳಲ್ಲಿ ಸರ್ಕಾರ ಇಂದಿಗೂ ಅಮೃತಮಹಲ್ ಹಿಂಡುಗಳನ್ನು ಸಾಕುತ್ತಿರುವುದು ಸರಿಯಾಗಿಯೇ ಇದೆ.